ಬಿಳಿ ಪುಟದಾಗಿನ ಮುದುಕ

ಕಂಪ್ಯೂಟರ್ ಇದ್ದಲ್ಲಿ ದೆವ್ವ ಇರಂಗಿಲ್ಲ ಅನ್ನಾವ್ರು ನಮ್ಮ ಗಂಗಾವತಿ ಕಂಪ್ಯೂಟರ್ ಕ್ಲಾಸಿಗೆ ಒಮ್ಮಿನೂ ಬಂದಿಲ್ಲ. ಅಲ್ಲಿ ದಿನಾ ಒಂದಿಲ್ಲೊಂದು ನಡೀತಿತ್ತು. ಅದರಾಗ ಅರ್ಧ ಮಾಡಾಂವ ನಾನಾ ಇದ್ದೆ, ಅದು ಬ್ಯಾರೆ ಮಾತು. ಹತ್ತನೇ ಕ್ಲಾಸಿನ್ಯಾಗ ಎರಡು ಸಲ ಫೇಲಾಗಿದ್ದೆ. "ಇಲ್ಲಿಂದನೂ ಹೊರಗ ಹಾಕಿದ್ರ ವಿರೂಪಾಪುರಗಡ್ಡಿಗೆ ಹೋಗಿ ನಿನ್ನ ಮಾವನ ಗದ್ಯಾಗ ಬಗ್ಗಿ ಭತ್ತ ಹಚ್ಚು," ಅಂತ ಅಪ್ಪ ಹೇಳಿಬಿಟ್ಟಿದ್ದ.

೧. ಕಾಣದ ಅಕ್ಷರ

"ವೆಬ್ ಪುಟಕ್ಕ ಹೆಡ್ ಬೇಕು, ಬಾಡಿ ಬೇಕು. ಪುಟದ ಹೆಸರು ಹೆಡ್‌ನ್ಯಾಗ, ಕಣ್ಣಿಗೆ ಕಾಣೂದೆಲ್ಲಾ ಬಾಡಿಯೊಳಗ. ಹಿಂಗ ಪುಟಕ್ಕ ಹೇಳೂ ಗುರ್ತಿಗೆ ಟ್ಯಾಗ್ ಅಂತಾರ, ತೆರದ ಟ್ಯಾಗ್ ಮುಚ್ಚಬೇಕು," ಅಂತ ಸರ್ ಮೊದಲನೇ ದಿನ ಹೇಳಿದ್ರು. ಕಾಣದ್ದನ್ನೂ ಬಾಡಿಯೊಳಗ ಇಡಬಹುದು ಅಂತ ನಾ ಕಂಡುಹಿಡದೆ: ಬಿಳಿ ಪುಟದ ಮ್ಯಾಲ ಬಿಳಿ ಅಕ್ಷರ, ಮೌಸ್ ಎಳದ್ರಷ್ಟಾ ಕಾಣ್ತಾವ.

ಅವತ್ತು ಅಮಾಸಿ. ಪೂಜಾ ಆಗಿ ಎಲ್ಲಾ ಮಾನಿಟರ್ ಹಣಿಗೂ ವಿಭೂತಿ, ಕ್ವಾಣಿ ತುಂಬ ಊದಿನಕಡ್ಡಿ ಹೊಗಿ. ಅಳವಂಡಿಯಿಂದ ಬಸ್ಸಿಗೆ ಕಲಿಯಾಕ ಬರೂ ಅಂಗನವಾಡಿ ಅಕ್ಕಾರು ನಾ ಮಾಡಿಟ್ಟ ಖಾಲಿ ಪುಟದ ಮ್ಯಾಲ ಮೌಸ್ ಎಳದ್ರು. ನೀಲಿ ಪಟ್ಟಿಯೊಳಗಿಂದ ಅಕ್ಷರ ಎದ್ದು ಬಂದ್ವು: "ಅಕ್ಕಾ, ನಾ ನಿನ್ನ ಹಿಂದ ಕುಂತೀನಿ."

ಅಕ್ಕಾರು ಹೊಳ್ಳಿ ನೋಡಲಿಲ್ಲ. ಕಣ್ಣು ಮುಚ್ಚಿ ಮೆಲ್ಲಕ ಅಂದ್ರು: "ಕುಂದ್ರಪಾ, ಕುಂದ್ರು. ಪರೀಕ್ಷಾದಾಗ ಒಂದೀಟು ಹೇಳಿಕೊಡ್ತಿಯೇನು?"

೨. ಹೊಳ್ಳಿ ಬರದ ದಾರಿ

ಒಂದು ಪುಟದಿಂದ ಇನ್ನೊಂದಕ್ಕ ಹೋಗೂ ದಾರಿಗೆ ಲಿಂಕ್ ಅಂತಾರ. ಅಕ್ಕಾರ ಪುಟದಾಗ "ಮನಿಗೆ" ಅಂತ ಒಂದು ಲಿಂಕ್ ಇಟ್ಟು, ಒತ್ತಿದ್ರ ಬರೇ ಕರಿ ಪುಟ ಬರೂ ಹಂಗ ಮಾಡಿದೆ. ಹೊಳ್ಳಿ ಬರಾಕ ಲಿಂಕ್ ಇಡಲಿಲ್ಲ.

ಅಕ್ಕಾರು ಒತ್ತಿದ್ರು. ಪುಟ ಕರ್ರಗಾತು. ಅದಾ ಗಳಿಗ್ಯಾಗ ಕರೆಂಟೂ ಹೋತು. ಫ್ಯಾನ್ ನಿಂತ್ವು. ಧೂಳು ಬರಬಾರದಂತ ಕಿಡಕಿ ಮುಚ್ಚಿದ ಕ್ವಾಣಿ. ಯುಪಿಎಸ್ ಒಂದಾ ಮೂಲ್ಯಾಗ ಕುಂಯ್ ಕುಂಯ್ ಅಂತಿತ್ತು.

ಕರಿ ಪುಟ ಮಾಡಿದ್ದು ನಾನು. ಕರೆಂಟ್ ತಗದಾವ್ರು ಯಾರು? ಎಲ್ಲಾರಿಗಿಂತ ಮೊದಲ ನಾನಾ ಚೀರಿದೆ. ಹಂಗಾಗಿ ಸರ್‌ಗೆ ಕಳ್ಳನ್ನ ಹುಡುಕೂ ತ್ರಾಸ ಬೀಳಲಿಲ್ಲ. "ಇನ್ನೊಂದು ಸಲ ಮಾಡು, ಹೆಸರು ಹೊಡದು ಹಾಕ್ತೀನಿ," ಅಂದ್ರು.

೩. ವಯಸ್ಸು ಇಪ್ಪತ್ತೇಳು

ಚಿತ್ರದ ಟ್ಯಾಗ್‌ನ್ಯಾಗ ಚಿತ್ರ ಇರಂಗಿಲ್ಲ, ಫೈಲಿನ ಹೆಸರಷ್ಟಾ ಇರ್ತೈತಿ. ಆ ಹೆಸರಿನ್ಯಾಗ ಯಾರನ್ನ ಇಟ್ರೂ ಪುಟ ಅವರ ಮಾರಿನಾ ತೋರಸ್ತೈತಿ. ಸರ್ ತಮ್ಮ ಫೋಟೋ, ಹೆಸರು, ವಯಸ್ಸು ಹಾಕಿ ಒಂದು ಪುಟ ಮಾಡಿದ್ರು. ದೊಡ್ಡದು ಮಾಡಾಕ ಯಾರೋ ಕೊಟ್ಟ ಹಳೇ ಫೋಟೋ ಒಂದು ಸ್ಕ್ಯಾನ್ ಆಗಿ ಅದಾ ಕಂಪ್ಯೂಟರ್‌ನ್ಯಾಗಿತ್ತು: ರುಮಾಲು ಸುತ್ತಿದ ಮುದುಕ, ಮ್ಯಾಲ ಗಂಧದ ಹಾರ. ಅದಕ್ಕ ಸರ್ ಫೋಟೋದ ಹೆಸರಿಟ್ಟೆ. ಸರ್ ಒಬ್ರಾ ನೋಡಿ ಬೆಚ್ಚಲಿ ಅಂತ ನನ್ನ ಆಸೆ. ಆದ್ರ ಯಲಬುರ್ಗಾದಿಂದ ಹೆಣ್ಣಿನ ಕಡಿಯಾವ್ರು ಅವತ್ತಾ ಸರ್‌ನ ನೋಡಾಕ ಕ್ಲಾಸಿಗೆ ಬಂದ್ರು.

ಸರ್ ಹೆಮ್ಮಿಯಿಂದ ಪುಟ ತಗದ್ರು. ಹಳೇ ಕಂಪ್ಯೂಟರ್, ಚಿತ್ರ ಗೆರಿ ಗೆರಿಯಾಗಿ ಇಳೀತು. ಮೊದಲ ರುಮಾಲು. ಆಮ್ಯಾಲ ಕಣ್ಣು. ಆಮ್ಯಾಲ ಹಾರ. ಕೆಳಗ ಸರ್ ಹೆಸರು, "ವಯಸ್ಸು ಇಪ್ಪತ್ತೇಳು."

ಹೆಣ್ಣಿನ ಅಜ್ಜಿ ಎದ್ದು, ಸೆರಗು ತಲಿಮ್ಯಾಲ ಎಳಕೊಂಡು ಪರದೆ ಹತ್ರ ಹೋದ್ರು.

"ಏನ್ರೀ, ಇಲ್ಲಿ ಬಂದು ಕುಂತೀರೇನು? ವರ್ಷಾತು ಹೋಗಿ!"

ಹೆಣ್ಣಿನ ಸೋದರಮಾವ ಗಂಗಾವತಿಯಾಂವ, ನಡುವ ಬಾಯಿ ಹಾಕಿದ: "ಅವ್ವಾ, ಅಪ್ಪನ ಫೋಟೋ ಪುಣ್ಯತಿಥಿಗೆ ದೊಡ್ಡದು ಮಾಡಸಾಕ ನಾನಾ ಇಲ್ಲಿ ಕೊಟ್ಟಿದ್ದು..."

"ನೀ ಸುಮ್ನಿರು. ಹಿರ್ಯಾರು ಮಾತಾಡಾಕತ್ತಾರ." ಅಜ್ಜಿ ಪರದೆಗೆ ಕಿವಿ ಹಚ್ಚಿದ್ರು. "ಹ್ಞೂಂ... ಹ್ಞೂಂ... ಆತ್ರಿ." ಎಲ್ಲಾರ ಕಡೆ ತಿರುಗಿದ್ರು: "ಹುಡುಗ ಅವರ ಮನಸಿಗೆ ಬಂದಾನ. ಸಕ್ಕರಿ ಹಂಚ್ರಿ." ಹೋಗುವಾಗ ಪರದೆಗೂ ಹೇಳಿದ್ರು: "ಮದುವಿ ಆಗೂತನಕ ಇಲ್ಲೇ ಇರ್ರಿ. ನಾ ಬಂದು ಬಂದು ಮಾತಾಡಸ್ತೀನಿ."

ಅವರು ಮೆಟ್ಟಲ ಇಳದದ್ದಾ ತಡ, ಸರ್ ನನ್ನ ಕಿವಿ ಹಿಡದ್ರು. ಗದ್ಯಾಗಿನ ಕೆಸರು ಕಣ್ಣ ಮುಂದ ಬಂತು.

"ನಾಳಿಯಿಂದ ಬರಬ್ಯಾಡ ಅನ್ನಾವಿದ್ದೆ," ಅಂದ್ರು. "ಈಗ ದಿನಾ ಬಾ. ಅಜ್ಜಾರನ್ನ ಕಾಯಿ. ಅಜ್ಜಿ ಬಂದಾಗ ಅವರು ಪುಟದಾಗ ಕಾಣಲಿಲ್ಲ ಅಂದ್ರ, ಆ ಜಾಗಕ್ಕ ನಿನ್ನ ಫೋಟೋ ಇಡ್ತೀನಿ ಮಗನಾ, ಹಾರದ ಸಮೇತ!"