ಇಲಿಗಳ ಹಿತದೃಷ್ಟಿಯಿಂದ ಅಶ್ವಗಂಧ

ಅಶ್ವಗಂಧದ ಬೇರಿನ ಸತ್ವವು ಇಲಿಗಳ ಮಾನಸಿಕ ಒತ್ತಡವನ್ನು ಇಳಿಸುತ್ತದೆಯೇ ಎಂದು ತಿಳಿಯಲು, ಛತ್ರಪತಿ ಸಂಭಾಜಿನಗರದ ಮೂಲಿಕಾ ಸಂಶೋಧನಾ ಕೇಂದ್ರವು ಇಲಿಗಳನ್ನು ನಿರ್ದೇಶಕರ ಕೋಣೆಯಲ್ಲಿ ಇರಿಸಿತು. ಇದರಲ್ಲಿ ವಿಶೇಷವೇನೂ ಇಲ್ಲ. ಪ್ರಯೋಗದ ಇಲಿಗಳನ್ನು ತಂಪಿನಲ್ಲಿ ಇಡಬೇಕೆಂದು ನಿಯಮ. ಎಸಿ ಇದ್ದದ್ದು ಅದೊಂದೇ ಕೋಣೆಯಲ್ಲಿ.

ಅಲ್ಲಿ ನಿರ್ದೇಶಕ ವಿಶ್ವನಾಥಪ್ಪನವರು ದಿನಾ ಬೆಳಿಗ್ಗೆ ಪ್ರಗತಿ ಪರಿಶೀಲನಾ ಸಭೆ ನಡೆಸುತ್ತಿದ್ದರು. ಸಭೆಯೆಂದರೆ ಅವರು ಬೈಯುವುದು, ಉಳಿದವರು ನಿಂತು ಕೇಳುವುದು. ವಾರದೊಳಗೆ ಇಲಿಗಳು ಮೂಲೆ ಹಿಡಿದು ನಡುಗತೊಡಗಿದವು. ಬೀದರಿನಿಂದ ಬಂದ ಗುತ್ತಿಗೆ ಸಂಶೋಧಕಿ ವಿಜಯಶ್ರೀಗೆ ಹಿಗ್ಗೋ ಹಿಗ್ಗು. ಒತ್ತಡ ಹುಟ್ಟಿಸುವ ಕೆಲಸ ತಾನಾಗಿ ಆಗಿತ್ತು.

ಆದರೆ ಸತ್ವ ಕುಡಿಸಿದರೂ ನಡುಕ ನಿಲ್ಲಲಿಲ್ಲ. ನಾಶಿಕದ ಮುಖ್ಯ ಕಚೇರಿಯ ಸಮಿತಿ ಬರುವುದರೊಳಗೆ ಫಲಿತಾಂಶ ಸಿಗದಿದ್ದರೆ ಯೋಜನೆಯೂ ಅವಳ ನೌಕರಿಯೂ ಒಟ್ಟಿಗೇ ಮುಗಿಯುತ್ತಿದ್ದವು.

"ಸರ್, ಇಲಿಗೋಳು ಔಷಧಕ್ಕ ಬಗ್ಗವಲ್ಲವ್ರಿ," ಎಂದಳು.

"ಬಗ್ಗವಲ್ಲವು ಅಂದ್ರ? ಯಾರ ಪರ್ಮಿಷನ್ ತಗೊಂಡಾವ?" ವಿಶ್ವನಾಥಪ್ಪ ಗೂಡಿನ ಮುಂದೆ ನಿಂತು ಗುಡುಗಿದರು. "ಸೊಕ್ಕು ಬಂದದ ಇವಕ್ಕ. ತಾ ಇಲ್ಲಿ, ಕುಡಿಯೋದು ಹ್ಯಾಂಗಂತ ನಾ ತೋರಸ್ತೀನಿ."

ಇಲಿಗಳಿಗೆ ಮಾದರಿಯಾಗಲೆಂದು ಅವರು ದಿನಾ ಹಾಲಿನಲ್ಲಿ ಸತ್ವ ಕಲಸಿ ಕುಡಿಯತೊಡಗಿದರು. ಇದ್ದದ್ದೆಲ್ಲ ಅವರಿಗೇ ಬೇಕಾದ್ದರಿಂದ ಇಲಿಗಳಿಗೆ ಕೊಡುವುದು ನಿಂತಿತು. ಒಂದು ಬೆಳಿಗ್ಗೆ ಸಭೆಯಲ್ಲಿ, "ನಾಷ್ಟಾ ಆಯ್ತೇನವ್ವಾ?" ಎಂದು ವಿಜಯಶ್ರೀಯನ್ನು ವಿಚಾರಿಸಿ, ಕುರ್ಚಿಯಲ್ಲೇ ನಿದ್ದೆ ಹೋದರು. ಇಲಿಗಳೂ ಕಾಲು ಚಾಚಿ ಮಲಗಿದವು. ಪರೀಕ್ಷಿಸಿದರೆ, ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಅರ್ಧಕ್ಕಿಳಿದಿತ್ತು.

ಸಮಿತಿಯ ಅಧ್ಯಕ್ಷ ಧರ್ಮಣ್ಣನವರು ಬಂದು ವಿಜಯಶ್ರೀ ಕೊಟ್ಟ ವರದಿ ನೋಡಿದರು.

"ಔಷಧ ಕುಡಿದವ್ರು ಯಾರು?"

"ಸಾಹೇಬ್ರು, ಸರ್."

"ಒತ್ತಡ ಇಳಿದದ್ದು?"

"ಇಲಿಗೋಳ್ದು, ಸರ್."

ಧರ್ಮಣ್ಣ ಗೊರಕೆ ಹೊಡೆಯುತ್ತಿದ್ದ ನಿರ್ದೇಶಕರನ್ನೊಮ್ಮೆ, ಇಲಿಗಳನ್ನೊಮ್ಮೆ ನೋಡಿದರು. "ಇಳೀತೋ ಇಲ್ಲೋ?"

"ಇಳೀತ್ರಿ."

"ಮತ್ತ ತಕರಾರೇನದ? ಸಹಿ ಎಲ್ಲಿ ಮಾಡ್ಲಿ?"

ಸುತ್ತೋಲೆ ಹೊರಟಿತು: "ಇಲಿಗಳ ಹಿತದೃಷ್ಟಿಯಿಂದ, ಇಲಿಗಳಿರುವ ಪ್ರತಿಯೊಂದು ಕಚೇರಿಯ ಮುಖ್ಯಸ್ಥರು ಪ್ರತಿದಿನ ಅಶ್ವಗಂಧ ಸೇವಿಸತಕ್ಕದ್ದು. ಇಲಿಗಳಿಲ್ಲದ ಕಚೇರಿಗೆ ಔಷಧ ಮಂಜೂರಾಗುವುದಿಲ್ಲ."

ಅದೇ ಸಂಜೆ ನಾಶಿಕದ ಲೆಕ್ಕಪತ್ರ ವಿಭಾಗದ ಸಿಬ್ಬಂದಿ ತಮಗೂ ಇಲಿ ಬೇಕೆಂದು ಮನವಿ ಸಲ್ಲಿಸಿದರು. ಬೆಳಗಾಗುವುದರೊಳಗೆ ಉಳಿದ ವಿಭಾಗಗಳೂ ಸಲ್ಲಿಸಿದವು. ವಿಜಯಶ್ರೀಯ ನೌಕರಿ ಖಾಯಂ ಆಯಿತು. ಈಗ ಅವಳು ಇಲಿ ವಿತರಣಾಧಿಕಾರಿ.

ಮೊನ್ನೆ ಧರ್ಮಣ್ಣನವರ ಆಪ್ತ ಸಹಾಯಕಿ ಹರ್ಷಿಣಿ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ನಮ್ಮ ಸಾಹೇಬ್ರ ಕೋಣೆಗೆ ಎರಡು ಇಲಿ ಜಲ್ದಿ ಕಳಸ್ರಿ. ಭಾಳ ಅಂಜುಬುರುಕ ಇರ್ಲಿ."

"ಪಾಳಿ ಅದವ್ವಾ," ಎಂದಳು ವಿಜಯಶ್ರೀ. "ನಿನ್ನ ಮುಂದ ಇಡೀ ನಾಶಿಕ ನಿಂತದ."