ಮೊಂತಿ ಹಬ್ಬಕ್ಕೆ ಮನೆಯದೇ ತರಕಾರಿ

ನಮ್ಮ ಮನೆಯಲ್ಲಿ ಗಿಡ ಸಾಯುವುದು ಬರೀ ಮಳೆಗಲ್ಲ, ನಮ್ಮ ಆರೈಕೆಗೂ. ಪ್ರತಿ ಮಳೆಗಾಲವೂ ಇದೇ ಕತೆ.

ನಾನು ಮಂಗಳೂರಿನ ಫಳ್ನೀರಿನಲ್ಲಿ ಒಂದು ಆಸ್ಪತ್ರೆಯ ನರ್ಸ್. ಮನೆ ಕದ್ರಿಯಲ್ಲಿ, ಮಹಡಿಯ ಮೇಲೆ. ಅತ್ತೆಗೆ ನನ್ನ ಮೇಲಿರುವ ದೂರು ಒಂದೇ: "ಮೊಂತಿ ಹಬ್ಬಕ್ಕೂ ಈ ಮನೆಗೆ ತರಕಾರಿ ಮಾರ್ಕೆಟಿನಿಂದಲೇ ಬರ್ಬೇಕು." ಅದು ಸೆಪ್ಟೆಂಬರಿನಲ್ಲಿ ಬರುವ ಮೇರಿ ಮಾತೆಯ ಹುಟ್ಟುಹಬ್ಬ; ಆ ದಿನ ನಮ್ಮಲ್ಲಿ ಮೀನು, ಮಾಂಸ ಇಲ್ಲ. ತರಕಾರಿ ಪದಾರ್ಥ ಐದೋ ಏಳೋ ಒಂಬತ್ತೋ, ಒಟ್ಟು ಬೆಸ ಸಂಖ್ಯೆ ಆಗಬೇಕು. "ಈ ಸಲ ಒಂದಾದರೂ ನಾನೇ ಬೆಳೆಸ್ತೇನೆ" ಎಂದುಬಿಟ್ಟೆ. ಅದೂ ನೆಂಟರ ಎದುರು.

೧. ಫ್ಯಾನ್ ಯಾರಿಗೆ?

ಜೂನಿನಲ್ಲಿ ಸೌತೆ, ಬೆಂಡೆ, ಹೀರೆ ಬೀಜ ಹಾಕಿದೆ. ಮೊಳಕೆ ಬಂತು, ಹಿಂದೆಯೇ ಮಳೆಯೂ ಬಂತು. ಸೌತೆ ಸಸಿಗಳ ಬುಡ ಕೊಳೆಯತೊಡಗಿದಾಗ ಕುಂಡಗಳನ್ನು ಹಾಲಿಗೆ ತಂದು, ಒಣಗಲು ಹಾಕಿದ್ದ ಬಟ್ಟೆ ಸರಿಸಿ, ಫ್ಯಾನಿನಡಿ ಇಟ್ಟೆ. ಮರುದಿನ ಒದ್ದೆ ಯೂನಿಫಾರ್ಮಿನಲ್ಲೇ ಡ್ಯೂಟಿಗೆ ಹೋದೆ.

"ಎಂತ ಸಿಸ್ಟರ್, ಕೊಡೆ ಇಲ್ವಾ?" ಡಾಕ್ಟರು ಕೇಳಿದರು.

"ಕೊಡೆ ಉಂಟು ಡಾಕ್ಟ್ರೇ. ಫ್ಯಾನ್ ಸೌತೆಗೆ ಬೇಕಿತ್ತು."

ಅವರು ನನ್ನ ಬಿಪಿ ನೋಡಿಸಿದರು. ನಾರ್ಮಲ್ ಇತ್ತು. ಸೌತೆ ಹೋಯಿತು.

೨. ಮುಂಜಾಗ್ರತೆ

ಬೆಂಡೆ ಸಸಿಗೆ ಬಸವನಹುಳ ಹತ್ತಿತು. "ಉಪ್ಪು ಹಾಕಿ" ಎಂದು ಗಂಡನಿಗೆ ಹೇಳಿ ಹೋದೆ. ದುಬೈಯಿಂದ ರಜೆಯಲ್ಲಿ ಬಂದಿದ್ದ ಮನುಷ್ಯ, ಹೇಳಿದ ಕೆಲಸ ಪೂರ್ತಿ ಮಾಡುವವರು. ಸಂಜೆ ಬಂದು ನೋಡಿದರೆ ಬೆಂಡೆಯ ಆರು ಕುಂಡಗಳಲ್ಲಿ ಐದರ ಮಣ್ಣಿಗೆ ಉಪ್ಪು ಬೆರೆಸಿದ್ದಾರೆ!

"ಹುಳಕ್ಕೆ ಹಾಕ್ಲಿಕ್ಕೆ ಹೇಳಿದ್ದು ಮಾರಾಯ್ರೆ!"

"ಹುಳ ಪುನಃ ಬರುವವರೆಗೆ ಕಾಯ್ತಾ ಕೂರ್ಲಿಕ್ಕೆ ಆಗ್ತದಾ? ಮುಂಚೆಯೇ ಹಾಕಿದೆ."

"ಮತ್ತೆ ಆರನೆಯದಕ್ಕೆ?"

"ಉಪ್ಪು ಮುಗಿಯಿತು."

ನನಗೆ ಅಳುವೇ ಬಂತು. ಆ ದಿನ ಸಾರಿಗೂ ಉಪ್ಪಿರಲಿಲ್ಲ.

೩. ಕೆಸರು

ಹೀರೆ ಸಸಿಗಳಿಗೆ ಟೆರೇಸಿನಲ್ಲಿ ಟರ್ಪಾಲು ಕಟ್ಟಿದೆ. ಅದರಲ್ಲಿ ನೀರು ನಿಂತು, ಒಮ್ಮೆಲೇ ಹರಿದು ಬಿದ್ದು, ಮಣ್ಣು ಸಸಿ ಎಲ್ಲವೂ ಮಳೆನೀರಿನ ಪೈಪಿನಲ್ಲಿ ಇಳಿದುಹೋಯಿತು. ಕೆಳಗಿನ ಮನೆಯಲ್ಲಿ ಒಬ್ಬ ಕಾಕಾ ಇದ್ದಾರೆ, ಕುದ್ರೋಳಿಯಲ್ಲಿ ಬಟ್ಟೆ ಅಂಗಡಿ. ಅಂಗಳದಿಂದಲೇ ಕೂಗಿದರು:

"ಸಿಸ್ಟರ್, ನಿಮ್ಮ ಪೈಪಿನಿಂದ ಕೆಸರು ಬರ್ತಾ ಉಂಟು!"

"ಕೆಸರಲ್ಲ ಕಾಕಾ, ಅದು ನನ್ನ ಹೀರೆ."

ಕಾಕಾ ಗೌರವದಿಂದ ತಲೆ ತಗ್ಗಿಸಿದರು. ಮತ್ತೆ ಗುದ್ದಲಿ ತರಲು ಹೋದರು.

೪. ಎಂಟನೆಯ ಪದಾರ್ಥ

ಉಪ್ಪು ಸಿಗದೆ ಬದುಕಿದ ಆ ಒಂದು ಗಿಡ ಹಬ್ಬಕ್ಕೆ ಸರಿಯಾಗಿ ನಾಲ್ಕು ಬೆಂಡೆಕಾಯಿ ಕೊಟ್ಟಿತು. ಪಲ್ಯ ಮಾಡಿ ಮೇಜಿನ ಮೇಲಿಟ್ಟೆ. ನನ್ನ ಖುಷಿ ಕೇಳುವುದೇ ಬೇಡ. ಅತ್ತೆ ಬೆರಳು ಮಡಚಿ ಪಾತ್ರೆಗಳನ್ನು ಎಣಿಸಿದರು.

"ಎಂಟು ಆಯ್ತು. ನಿನ್ನದು ತೆಗೆ."

ಮೂರು ತಿಂಗಳು ಪಟ್ಟ ಪಾಡು! ಮಳೆಯಲ್ಲೇ ಕೆಳಗೆ ಓಡಿದೆ. "ಕಾಕಾ, ಒಂದು ತರಕಾರಿ ಕೊಡಿ. ಯಾವುದಾದ್ರೂ ಆಗ್ತದೆ!"

ಕಾಕಾ ಅಂಗಳಕ್ಕೆ ಹೋಗಿ ಮೊಳದುದ್ದದ ಎರಡು ಹೀರೆಕಾಯಿ ಕೊಯ್ದು ತಂದರು. "ಪೈಪಿನ ಬುಡದಲ್ಲಿ ತನ್ನಷ್ಟಕ್ಕೇ ಬಂದದ್ದು. ಎರಡು ಸಲ ಕತ್ತಿಯಲ್ಲಿ ಸವರಿ ಬಿಸಾಡಿದೆ ಸಿಸ್ಟರ್, ಆದ್ರೂ ಬಿಡ್ಲಿಲ್ಲ."

ಅದನ್ನೂ ಬೇಯಿಸಿ ಇಟ್ಟೆ, ಒಂಬತ್ತಾಯಿತು. ಅತ್ತೆ ನನ್ನ ಬೆಂಡೆಯನ್ನು ಒಂದು ಚಮಚ ತಿಂದರು. ಹೀರೆಯನ್ನು ಎರಡನೇ ಸಲ ಹಾಕಿಸಿಕೊಂಡಾಗ ನಾನು ತಡೆಯಲಾಗದೆ ಅದರ ಪೂರ್ತಿ ಕತೆ ಹೇಳಿದೆ, ಅದೂ ನನ್ನದೇ ಸಸಿ ಎಂದು ಒತ್ತಿ ಹೇಳಿದೆ. ಅವರು ಕೊನೆಯ ತುತ್ತು ನುಂಗಿ ಹೇಳಿದರು:

"ಲಾಯ್ಕ ಉಂಟು. ಬರುವ ವರ್ಷ ಬೀಜ ಸೀದಾ ಪೈಪಿಗೇ ಹಾಕು."