ಸ್ಥಳೀಯ ಸಂಸ್ಕೃತಿಗೆ ಒಂದು ದಿನದ ರಜೆ

ಇಂದ:
ಮುನಿರಾಜು,
ತಾಲ್ಲೂಕು ಕಚೇರಿಯ ನಿವೃತ್ತ ಪ್ರಥಮ ದರ್ಜೆ ಸಹಾಯಕರು,
ಹಾಲಿ ಹುದ್ದೆ: 'ಸ್ಥಳೀಯ ಸಂಸ್ಕೃತಿ' (ತಾವು ಕೊಟ್ಟ ಗುರುತಿನ ಚೀಟಿಯಲ್ಲಿರುವಂತೆ),
ಮುಂಬಾಗಿಲ ಜಗಲಿ, ನೆಲಸಿರಿ ಟೆಕ್ ಸೌಧ, ಹೇರೋಹಳ್ಳಿ.

ಗೆ:
ಶ್ರೀ ಗೌತಮ್ ಅವರು,
ಮುಖ್ಯಸ್ಥರು, ಕಟ್ಟಡ ನಿರ್ವಹಣೆ,
ಸದರಿ ಸೌಧ, ಜಗಲಿಗಿಂತ ಮೇಲಿನ ಎಲ್ಲಾ ಮಹಡಿಗಳು.

ವಿಷಯ: ಬರುವ ಬುಧವಾರ ಸ್ಥಳೀಯ ಸಂಸ್ಕೃತಿಯು ಕರ್ತವ್ಯಕ್ಕೆ ಗೈರುಹಾಜರಾಗಲಿರುವ ಬಗ್ಗೆ.

ಉಲ್ಲೇಖ: 1. "ಅಂಕಲ್, ವೆಡ್ನೆಸ್‌ಡೇ ಮಿಸ್ ಮಾಡ್ಬೇಡಿ ಪ್ಲೀಸ್" ಎಂಬ ದಿವ್ಯ ಮೇಡಂ ಅವರ ವಾಟ್ಸಾಪ್ ಸಂದೇಶ.
2. ಅದಕ್ಕೆ ಅರ್ಜಿದಾರರು ಕಳುಹಿಸಿದ ಹೆಬ್ಬೆರಳು, ಕನ್ನಡಕವಿಲ್ಲದೆ ಒತ್ತಿದ್ದು.

ಮಾನ್ಯರೇ,

ತಂತ್ರಜ್ಞಾನ, ಪರಿಸರ, ಸಂಸ್ಕೃತಿ ಈ ಮೂರೂ ಒಂದೇ ಸೂರಿನಡಿ ಬಾಳಬಲ್ಲವೇ ಎಂಬ, ಈ ಮಹಾನಗರದ ಭವಿಷ್ಯಕ್ಕೇ ಸಂಬಂಧಪಟ್ಟ ಪ್ರಶ್ನೆಯು ಬರುವ ಬುಧವಾರ ಇತ್ಯರ್ಥವಾಗಬೇಕಾಗಿರುತ್ತದೆ. ಕಾರಣ, ಅಂದು ಅರ್ಜಿದಾರರು ಜಗಲಿಯ ಮೇಲೆ ಕೂರಲು ಬರುವುದಿಲ್ಲ. ವಿವರ ಕೆಳಕಂಡಂತಿದೆ.

1. ಕಟ್ಟಡದ ಬಗ್ಗೆ ಅರ್ಜಿದಾರರ ದೂರು ಯಾವುದೂ ಇಲ್ಲ. ಜಾಲಂಧ್ರದ ಗೋಡೆಯಿಂದ ಗಾಳಿ ತಾನಾಗಿ ಆಡುತ್ತದೆ. ಎ.ಸಿ. ಹಾಕಿಕೊಂಡು ಸ್ವೆಟರ್ ತೊಡುವ ಪಕ್ಕದ ಆಫೀಸಿನ ಪಾಡು ಇಲ್ಲಿಯವರಿಗಿಲ್ಲ. ಮಳೆನೀರು ತೊಟ್ಟಿಗಿಳಿಯುತ್ತದೆ, ಕೈತೊಳೆದ ನೀರು ಗಿಡಕ್ಕೆ ಹೋಗುತ್ತದೆ. ಇದೇ ಜಾಗದಲ್ಲಿ ಅರ್ಜಿದಾರರ ಪತ್ನಿ ಅಕ್ಕಯ್ಯಮ್ಮನವರು ಬಾಳೆಯ ಬುಡದಲ್ಲಿ ಪಾತ್ರೆ ಬೆಳಗುತ್ತಿದ್ದರಾದರೂ ಅದಕ್ಕೆ ಹಸಿರು ಸರ್ಟಿಫಿಕೇಟ್ ಇರುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಇದೇ ಜಾಗದಲ್ಲಿ ಎಂದದ್ದು ಏಕೆಂದರೆ, ಸೌಧಕ್ಕಾಗಿ ಕೆಡವಿದ ಮನೆ ಅರ್ಜಿದಾರರದ್ದು. ಸ್ಥಳೀಯ ಸಂಸ್ಕೃತಿ ಉಳಿಯಬೇಕೆಂದು ನಕ್ಷೆ ಬರೆದವರು ಮನೆಯನ್ನು ಬೀಳಿಸಿ ಜಗಲಿಯನ್ನು ಮಾತ್ರ, ಕಲ್ಲುಕಂಬಗಳ ಸಮೇತ, ಇದ್ದ ಕಡೆಯೇ ಉಳಿಸಿಕೊಂಡರು.

2. ನೇಮಕಾತಿಯ ಬಗ್ಗೆ. ಸೌಧ ಉದ್ಘಾಟನೆಯಾದ ಹೊಸತರಲ್ಲಿ ಅರ್ಜಿದಾರರು ಊರೊಳಗೆ ಬಂದವರು, ಜಗಲಿ ಕಂಡ ಕಾರಣ, ಕೂತರು. ಕಾವಲಿನ ವೀರೇಶ, ಕೊಪ್ಪಳದ ಕಡೆಯ ಹುಡುಗ, ಓಡಿಬಂದ.

"ಯಜಮಾನ್ರ, ಇಲ್ಲಿ ಕುಂದ್ರಂಗಿಲ್ರಿ."

"ಮತ್ಯಾಕಪ್ಪ ಉಳಿಸ್ಕೊಂಡಿರೋದು ಜಗಲಿನ?"

"ನೋಡಾಕ್ರಿ."

ಅಷ್ಟರಲ್ಲಿ ಸಂಸ್ಕೃತಿ ಮತ್ತು ಸುಸ್ಥಿರತೆ ವಿಭಾಗದ ದಿವ್ಯ ಮೇಡಂ ಒಳಗಿನಿಂದ ಧಾವಿಸಿ, ಅರ್ಜಿದಾರರು ಏಳದಂತೆ ಎರಡೂ ಕೈ ಅಡ್ಡ ಹಿಡಿದು, ಹೆಗಲ ಟವೆಲ್ ಸ್ವಲ್ಪ ಸರಿಪಡಿಸಿ ಫೋಟೋ ತೆಗೆದರು. ಖಾಲಿ ಜಗಲಿ ಬರೀ ಕಲ್ಲೆಂದೂ, ಮನುಷ್ಯನಿರುವ ಜಗಲಿಗೆ ಹಸಿರು ಸರ್ಟಿಫಿಕೇಟಿನಲ್ಲಿ ಅಂಕ ಬರುತ್ತದೆಂದೂ ಆಮೇಲೆ ತಿಳಿಸಿದರು. ಮರುವಾರವೇ ಗುರುತಿನ ಚೀಟಿ ಬಂತು. ಅಂದಿನಿಂದ ಅರ್ಜಿದಾರರು ನಾಗರಬಾವಿಯ ಮಗನ ಮನೆಯಿಂದ ಬಸ್ಸು ಹಿಡಿದು, ಪಂಚೆಯುಟ್ಟು, ಯಂತ್ರದ ಫಿಲ್ಟರ್ ಕಾಫಿ ಕುಡಿಯುತ್ತಾ, ತಮ್ಮದೇ ಜಗಲಿಯ ಮೇಲೆ ಸ್ಥಳೀಯವಾಗಿ ಕೂರುತ್ತಿದ್ದಾರೆ.

3. ಸೇವೆಯಲ್ಲಿ ಲೋಪವಾಗಿಲ್ಲ. ಜಗಲಿಯ ದೀಪವು ಅಲುಗಾಟ ಕಂಡರೆ ಮಾತ್ರ ಉರಿಯುವಂಥದ್ದು. ಸಂಸ್ಕೃತಿಯೋ ಅಲುಗದೆ ಕೂರುವಂಥದ್ದು. ಆದ್ದರಿಂದ ಮುಸ್ಸಂಜೆಯ ಹೊತ್ತು ದೀಪ ಆರಿ ಕತ್ತಲಾದಾಗೆಲ್ಲಾ ಅರ್ಜಿದಾರರು ಬಲಗೈ ಎತ್ತುತ್ತಾರೆ. ಹೊಸದಾಗಿ ಸೇರಿದವರು ಇದನ್ನು ಆಶೀರ್ವಾದವೆಂದು ಭಾವಿಸಿ ತಲೆಬಾಗಲಾರಂಭಿಸಿದರು. ಅವರಲ್ಲೊಬ್ಬನಿಗೆ ಪ್ರಮೋಷನ್ ಆದ ಕಾರಣ, ಅಪ್ರೈಸಲ್ ಸಮಯದಲ್ಲಿ ಜಗಲಿಯ ಮುಂದೆ ಚಪ್ಪಲಿಗಳು ಸಾಲಾಗಿ ಬಿದ್ದಿರುತ್ತವೆ. ಇದರಲ್ಲಿ ಅರ್ಜಿದಾರರ ತಪ್ಪಿಲ್ಲ, ವೈರಿಂಗಿನದ್ದು.

4. ಈಗ ಬುಧವಾರ. ಪಿತೃಪಕ್ಷದಲ್ಲಿ ಅರ್ಜಿದಾರರ ವಂಶದವರು ಹಿರಿಯರಿಗೆ ಎಡೆ ಇಡುವ ದಿನ ಅದು. ಅಕ್ಕಯ್ಯಮ್ಮನವರು ಹೋದ ವರ್ಷದ ಶ್ರಾವಣದಲ್ಲಿ ತೀರಿಕೊಂಡರು; ವರ್ಷದ ಕಾರ್ಯ ಮುಗಿದು ಇದು ಅವರಿಗೆ ಮೊದಲನೇ ಎಡೆ. ತಾವು ಬೇರೆ ಕಡೆಯವರಾದ ಕಾರಣ ವಿವರಿಸುವುದೇನೆಂದರೆ, ಹೋದವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲಾ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಆಚೆ ಬರಬೇಕು. ಹೋದವರು ಬಂದು ಉಣ್ಣುವಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಡುವೆ ಇಣುಕುವಂತಿಲ್ಲ.

ರಜೆ ಕೇಳಲು ಹೋದಾಗ ದಿವ್ಯ ಮೇಡಂ ಮುಖ ಬಾಡಿತು. ಹಸಿರು ಸರ್ಟಿಫಿಕೇಟಿನ ಆಡಿಟರ್ ಬರುವುದೂ ಅಂದೇ ಅಂತೆ.

"ಜಗಲಿ ಖಾಲಿ ಇದ್ರೆ ಕಲ್ಚರ್‌ಗೆ ಜೀರೋ ಹಾಕ್ತಾರೆ ಅಂಕಲ್. ಎಡೆನ ಇಲ್ಲೇ ಇಟ್ಬಿಡಿ. ನಡುಮನೆ ಬುಕ್ ಮಾಡಿಸ್ತೀನಿ."

ನಡುಮನೆ ಎಂಬುದು ಜಗಲಿಯ ಹಿಂದಿರುವ ಗಾಜಿನ ಮೀಟಿಂಗ್ ರೂಮಿಗೆ ತಾವು ಇಟ್ಟ ಹೆಸರು. ಹಳೇ ಮನೆಯ ನಡುಮನೆ ಇದ್ದದ್ದೂ ಅಲ್ಲೇ.

ಎಡೆ ಜನಕ್ಕೆ ತೋರಿಸೋದಕ್ಕಲ್ಲ ಕಣಮ್ಮ ಎಂದು ಗದರಬೇಕಿದ್ದ ಅರ್ಜಿದಾರರು, ಯೋಚಿಸಿ ಹೇಳುತ್ತೇನೆಂದು ಬಸ್ಸು ಹತ್ತಿದರು. ಬಸ್ಸಿನಲ್ಲಿ ಕೂತಾಗಲೂ, ಸೊಸೆ ಮುದ್ದೆ ಬಡಿಸಿದಾಗಲೂ ಒಂದೇ ಯೋಚನೆ. ಮನೆ ಕೆಡವಿದ ಮೇಲೆ ಅಕ್ಕಯ್ಯಮ್ಮನವರು ಇದ್ದದ್ದೂ ಹೋದದ್ದೂ ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ. ಅದು ಈಗ ಬೇರೆಯವರದ್ದು. ಮಗ ಆಮೇಲೆ ಸೇರಿದ ನಾಗರಬಾವಿಯ ಮನೆಯನ್ನು ಅವರು ಕಂಡೇ ಇಲ್ಲ. ಅಡ್ಡರಸ್ತೆ ಕೂಡ ಗೊತ್ತಿಲ್ಲ. ಅವರಿಗೆ ಗೊತ್ತಿದ್ದುದು ಹೇರೋಹಳ್ಳಿ ಒಂದೇ. ಸೌಧ ಏಳುತ್ತಿದ್ದ ಕಾಲದಲ್ಲಿ ದಿನಾ ಹೇಳುತ್ತಿದ್ದರು: "ಆಫೀಸ್ನೋರು ಒಳಗೆ ಏನಾದ್ರೂ ಮಾಡ್ಕೊಳ್ಲಿ. ನಾನಂತೂ ಬಂದು ಜಗಲಿ ಮೇಲೆ ಕೂರೋಳೇ."

ಹಾಗಾಗಿ ಎಡೆ ನಾಗರಬಾವಿಯಲ್ಲಿಟ್ಟರೆ ಅವರು ಇಲ್ಲಿಗೆ ಬಂದು, ಯಾರೂ ಇಲ್ಲದ್ದು ನೋಡಿ, ಹಸಿದು ಹಿಂದಿರುಗುವ ಸಂಭವವಿರುತ್ತದೆ. ಅರ್ಜಿದಾರರಿಗೆ ಇರುವ ತೊಂದರೆ ಇಷ್ಟೇ.

5. ಇಲ್ಲೇ ಇಡುವುದಕ್ಕಿರುವ ಅಡಚಣೆಗಳು. ಒಳಗೆ ಧೂಪ ಹಾಕಿದರೆ ಬೆಂಕಿಯೆಂದು ತಿಳಿದು ಸೂರಿನಿಂದ ನೀರು ಸುರಿಯುತ್ತದೆ. ನಾಟಿಕೋಳಿ ಸಾರು ಮೀಟಿಂಗ್ ರೂಮಿಗೆ ನಿಷಿದ್ಧ. ಅಕ್ಕಯ್ಯಮ್ಮನವರ ಪ್ರಾಣವಾಗಿದ್ದ ಎಲೆಯಡಿಕೆ, ಕಡ್ಡಿಪುಡಿ ಇಡೀ ಸೌಧಕ್ಕೇ ನಿಷಿದ್ಧ. ಮೂಲೆಯಲ್ಲಿ ಕ್ಯಾಮೆರಾ ಇದೆ. ಅವರು ಬದುಕಿದ್ದಾಗಲೇ ಯಾರಾದರೂ ನೋಡುತ್ತಿದ್ದರೆ ತುತ್ತು ಎತ್ತುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗೇಟು. ವೀರೇಶನನ್ನು ವಿಚಾರಿಸಲಾಗಿ, ಅವನು ತಲೆ ಕೆರೆದುಕೊಂಡು ಹೇಳಿದ್ದು:

"ಪಾಸ್ ಇಲ್ದ ಯಾರನ್ನೂ ಬಿಡಂಗಿಲ್ರಿ ಯಜಮಾನ್ರ, ಹೊರಗ ಹೋಗೂಮುಂದ ಪಾಸ್ ವಾಪಸ್ ಕೊಟ್ಟ ಹೋಗ್ಬೇಕ್ರಿ. ಅಮ್ಮಾರು ತೀರ್ಕೊಂಡಾರ ಅಂತ ನನಗ ಗೊತ್ತೈತಿ, ಗೇಟಿಗೆ ಗೊತ್ತಿಲ್ರಿ."

ನಿಯಮ ನಿಯಮವೇ. ತಾಲ್ಲೂಕು ಕಚೇರಿಯಲ್ಲಿ ಸವೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದ್ದರಿಂದ ಅರ್ಜಿದಾರರು ಪಾಸಿನ ಯಂತ್ರದ ಮುಂದೆ ನಿಂತು ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟಿದ್ದಾರೆ. ಹೆಸರು: ಅಕ್ಕಯ್ಯಮ್ಮ. ಯಾರನ್ನು ಕಾಣಬೇಕು: ಸ್ಥಳೀಯ ಸಂಸ್ಕೃತಿ. ಭೇಟಿಯ ಉದ್ದೇಶ: ಊಟ. ಮೊಬೈಲಿಗೆ ಒಟಿಪಿ ಕಳಿಸುತ್ತೇನೆಂದಿತು. ಅಕ್ಕಯ್ಯಮ್ಮನವರ ನಂಬರಿಗೆ ಅರ್ಜಿದಾರರು ಇಂದಿಗೂ ರೀಚಾರ್ಜ್ ಮಾಡಿಸುತ್ತಿರುವ ಕಾರಣ, ಒಟಿಪಿ ಬಂತು. ಇನ್ನು ಬಾಕಿ ಇರುವುದು ತಮ್ಮ ಅನುಮೋದನೆಯೊಂದೇ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಒಂದೋ ಅರ್ಜಿದಾರರಿಗೆ ಬುಧವಾರ ರಜೆ ಕೊಡುವುದು. ಇಲ್ಲವೇ ಅಕ್ಕಯ್ಯಮ್ಮನವರಿಗೆ ಅಂದಿನ ಮಟ್ಟಿಗೆ ಪಾಸ್ ಕೊಟ್ಟು, ಕ್ಯಾಮೆರಾದ ಮೇಲೊಂದು ಟವೆಲ್ ಹಾಕಲು ಅಪ್ಪಣೆಯಿತ್ತು, ಆಡಿಟರ್ ಸಾಹೇಬರನ್ನೂ ಮಿಕ್ಕವರ ಜೊತೆ ಆಚೆ ನಿಲ್ಲಿಸಿಕೊಳ್ಳುವುದು. ಧೂಪವನ್ನು ಜಗಲಿಯಲ್ಲೇ ಹಾಕಲಾಗುವುದು. ರಜೆ ಸಿಗದಿದ್ದರೆ ಅರ್ಜಿದಾರರಿಗೆ ಬೇಸರವಿಲ್ಲ ಎಂಬುದನ್ನು ತಾವು ಗಮನಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ತಮ್ಮ ಕಟ್ಟಡದ ಸಂಸ್ಕೃತಿ,
(ಸಹಿ) ಮುನಿರಾಜು

ಲಗತ್ತುಗಳು:
1. ಅಕ್ಕಯ್ಯಮ್ಮನವರ ಭಾವಚಿತ್ರ; ಪಾಸಿಗೆ ಬೇಕೆಂದು ಹಾರ ಇಳಿಸಿ ಕೊಟ್ಟದ್ದು.
2. ಅರ್ಜಿದಾರರ ಗುರುತಿನ ಚೀಟಿಯ ನಕಲು.
3. ಕಜ್ಜಾಯ, ಒಂದು ಡಬ್ಬಿ. ಡಬ್ಬಿ ಸೊಸೆಯದ್ದು, ವಾಪಸ್ ಕೊಡತಕ್ಕದ್ದು.

ಕಟ್ಟಡ ನಿರ್ವಹಣಾ ವಿಭಾಗದ ಷರಾ:
ರಜೆ ಮಂಜೂರಾಗಿಲ್ಲ. ಪಾಸ್ ಮಂಜೂರಾಗಿದೆ.

ಬುಧವಾರ ಸಂಜೆ ಸೇರಿಸಿದ್ದು:
ಪಾಸ್ ವಾಪಸ್ ಬಂದಿಲ್ಲ.